ಫರ್ಸಿ ಜಾರ್ತದ, ಅಜ್ಜಿ ನಡೀತಾಳ

ವಾಡಿ ಜಂಕ್ಷನ್‌ನಲ್ಲಿ ಮುಂಬೈ–ಚೆನ್ನೈ ಮಾರ್ಗದಿಂದ ಸಿಕಂದರಾಬಾದ್ ಕಡೆಗೆ ಒಂದು ಹಳಿ ಒಡೆಯುತ್ತದೆ. ಆ ಕಡೆ ಹೋದರೆ ಚಿತ್ತಾಪುರ, ಸೇಡಂ. ಕಲಬುರಗಿ ಕಡೆ ತಿರುಗಿದರೆ ಶಹಾಬಾದ್. ಚಿಂಚೋಳಿಗೆ ಬಸ್ಸೇ ಗತಿ. ಈ ಸೀಮೆಯ ಸಂಪತ್ತು ಸುಣ್ಣದಕಲ್ಲು. ಸುಟ್ಟು ಅರೆದರೆ ವಾಡಿ, ಸೇಡಂನ ಸಿಮೆಂಟು. ಪದರ ಬಿಡಿಸಿದರೆ ಶಹಾಬಾದ್ ಫರ್ಸಿ. ಅಡುಗೆಮನೆ, ಬಚ್ಚಲು, ಗುಡಿ ಅಂಗಳ, ಎಲ್ಲ ಕಡೆ ಅದೇ.

ಬೇಸಿಗೆ 40 ಡಿಗ್ರಿ ದಾಟಿದಾಗ ಫರ್ಸಿ ಮೇಲೆ ಮಲಗುವ ಸುಖ ಇಲ್ಲಿಯವರಿಗೇ ಗೊತ್ತು. ಆದರೆ ವರ್ಷಗಟ್ಟಲೆ ಸವೆದು ನುಣುಪಾದ ಕಲ್ಲಿಗೆ ಸೋಪಿನ ನೀರು ಬಿತ್ತೋ, ಗಟ್ಟಿ ಕಾಲಿನವರೂ ಜಾರುತ್ತಾರೆ.

ಚಿತ್ತಾಪುರದಲ್ಲಿ ಪರಿಚಯದ ಅಜ್ಜಿಯೊಬ್ಬರನ್ನು ಕೇಳಿದೆ, ಬೀಳೋ ಭಯ ಇಲ್ಲವಾ ಅಂತ. "ನಾ ಯಾಕ ಬೀಳ್ತೀನಿ ತಮ್ಮಾ? ಬೀಳೋರು ಮುದುಕ್ರು" ಅಂದರು. ಅವರಿಗೆ 78. ಸೇಡಂನ ನಿವೃತ್ತ ಮಾಸ್ತರರದ್ದು ಉಲ್ಟಾ ಕಥೆ. ಒಮ್ಮೆ ಜಾರಿದ್ದರು, ಮೂಳೆಗೇನೂ ಆಗಿರಲಿಲ್ಲ. ಅಂದಿನಿಂದ ಕಟ್ಟೆಗೆ ಬರುವುದನ್ನೇ ಬಿಟ್ಟಿದ್ದಾರೆ. "ಕಾಲಾಗ ಶಕ್ತಿ ಅದರಿ, ಧೈರ್ಯ ಇಲ್ಲ."

ಇಬ್ಬರಲ್ಲಿ ಯಾರಿಗೆ ಅಪಾಯ ಹೆಚ್ಚು? 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಸಿಡ್ನಿಯ ಅಧ್ಯಯನವೊಂದು 70ರಿಂದ 90 ವಯಸ್ಸಿನ 500 ಜನರಲ್ಲಿ ಇದನ್ನೇ ನೋಡಿತು. ಸುಮಾರು ಮೂರನೇ ಒಂದು ಭಾಗದವರಲ್ಲಿ ಭಯಕ್ಕೂ ದೇಹದ ನಿಜವಾದ ಸ್ಥಿತಿಗೂ ತಾಳೆಯೇ ಇರಲಿಲ್ಲ. ದೇಹ ದುರ್ಬಲವಾಗಿದ್ದರೂ ಅಷ್ಟಾಗಿ ಹೆದರದವರು ಓಡಾಡಿಕೊಂಡು, ಜನರ ಜೊತೆ ಬೆರೆತು ಇದ್ದರು. ಆ ಮನೋಭಾವ ಅವರನ್ನು ಬೀಳದಂತೆ ಕಾಪಾಡಿತ್ತು. ದೇಹ ಗಟ್ಟಿಯಿದ್ದೂ ಹೆದರಿದವರಿಗೆ ಭಯವೇ ಮುಳುವಾಗಿತ್ತು. ಲೆಕ್ಕ ಸರಳ: ಹೆದರಿ ಕೂತರೆ ಕಾಲಿನ ಬಲ ಕುಗ್ಗುತ್ತದೆ, ಬಲ ಕುಗ್ಗಿದರೆ ಬೀಳುವುದು ಸುಲಭ.

ಹಾಗಂತ ಬಿಟ್ಟುಬಿಡೋ ವಿಷಯವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅದರಲ್ಲಿ 60 ದಾಟಿದವರೇ ಹೆಚ್ಚು.

ಬೆಂಗಳೂರಿಂದ, ಹೈದರಾಬಾದಿಂದ ಫೋನ್ ಮಾಡಿ ನಾವು ಹೇಳೋದು ಒಂದೇ: "ಹೊರಗ ಹೋಗಬ್ಯಾಡ, ಬೀಳ್ತಿ." ಭೀಮಾ ತೀರದ ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿ ಸುತ್ತುವ ಹಿರಿಯರನ್ನು ನೋಡಿದರೆ ಈ ಮಾತು ಎಷ್ಟು ದುಬಾರಿ ಅಂತ ತಿಳಿಯುತ್ತದೆ. ಆ ಪ್ರದಕ್ಷಿಣೆಯೇ ಅವರ ವ್ಯಾಯಾಮ, ಅಲ್ಲಿ ಸಿಗುವ ಗೆಳತಿಯರೇ ಅವರ ಧೈರ್ಯ.

ತಡೆಯಬೇಕಾದ್ದು ನಡಿಗೆಯನ್ನಲ್ಲ, ಜಾರುವುದನ್ನು. ಬಚ್ಚಲಿನ ಫರ್ಸಿಯನ್ನು ಉಳಿಯಿಂದ ಒರಟು ಮಾಡಿಸಬಹುದು. ಗೋಡೆಗೆ ಹಿಡಿಕೆ, ರಾತ್ರಿ ದಾರಿಗೊಂದು ದೀಪ, ಕಣ್ಣಿನ ತಪಾಸಣೆ. ಬಿಪಿ, ನಿದ್ದೆ ಮಾತ್ರೆಯಿಂದ ತಲೆಸುತ್ತು ಬರುತ್ತಿದ್ದರೆ ಡಾಕ್ಟರ್ ಹತ್ತಿರ ಒಂದು ಮಾತು.

ಈ ಸಲ ಊರಿಗೆ ಹೋದಾಗ "ಹುಷಾರು" ಅನ್ನೋ ಮೊದಲು ಕೇಳಿ ನೋಡಿ: "ಮನ್ಯಾಗ ಎಲ್ಲಿ ಕಾಲಿಡಾಕ ಅಂಜಿಕಿ ಆಗ್ತದವ್ವಾ?" ರಿಪೇರಿ ಅಲ್ಲಿಂದಲೇ ಶುರು ಮಾಡಿ.