ರಟ್ಟಿನ ಕಡತದ ಸಂಗೀತ

ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಟಾರಂಟ್ ಹಿಂಟನ್ ಬಯಲಿನಲ್ಲಿ 2022ರ ಆಗಸ್ಟಿನಲ್ಲಿ ಸೇರಿದ್ದ ಉಗಿಯಂತ್ರಗಳ ಜಾತ್ರೆಗೆ ನಾವು ಹೋದದ್ದು, ಅಲ್ಲಿ ನೆಲೆಸಿರುವ ಭಾವನವರ ಬಲವಂತಕ್ಕೆ. ಕಲ್ಲಿದ್ದಲ ಹೊಗೆ, ಧೂಳು, ಜನಸಂದಣಿ. ಅದರ ನಡುವೆ, ಬಣ್ಣಬಣ್ಣದ ಬೊಂಬೆಗಳನ್ನು ಹೊತ್ತು ಲಾರಿಯುದ್ದಕ್ಕೂ ಹರಡಿದ್ದ ಆರ್ಗನ್ ವಾದ್ಯವೊಂದು ತಾನೇ ತಾನಾಗಿ ನುಡಿಯುತ್ತಿತ್ತು. ಯಂತ್ರಕ್ಕೆಂಥ ಸಂಗೀತವೆಂದು ನಾವು ನಕ್ಕೆವು.

ಹಿಂಬದಿಗೆ ಹೋಗಿ ನೋಡಿದರೆ, ಹಳೆಯ ಶಾನುಭೋಗರ ಕಡತದಂತೆ ಮಡಿಕೆ ಮಡಿಕೆಯಾದ ರಟ್ಟಿನ ಪುಸ್ತಕ. ಅದರ ತುಂಬ ರಂಧ್ರಗಳು. ರಂಧ್ರ ಬಂದಾಗ ಕೀಲಿ ಏಳುತ್ತದೆ, ತಿದಿಯ ಗಾಳಿ ಕೊಳವಿಗೆ ನುಗ್ಗುತ್ತದೆ. ಪ್ಯಾರಿಸ್ಸಿನ ಗವಿಯೋಲಿಯವರು 1892ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಹಿಂದಿನ ಮೊಳೆಯ ಉರುಳೆಯಲ್ಲಿ ಹಿಡಿಯದ ದೀರ್ಘ ಕೃತಿಗಳು ಹೀಗೆ ಜಾತ್ರೆಗೆ ಬಂದವು.

ಮುದುಕರೊಬ್ಬರು ಸುಪ್ಪೆಯ 'ಪೊಯೆಟ್ ಅಂಡ್ ಪೆಸೆಂಟ್' ಕಡತವನ್ನು ಹಾಕಿದರು. ಮೂಲದಲ್ಲಿ ಚೆಲ್ಲೊ ನುಡಿಸುವ ವಿಲಂಬದ ಭಾಗ ಆ ಕೊಳವಿಗಳಿಂದ ಹೊಮ್ಮಿದಾಗ ನಮ್ಮ ನಗೆ ನಿಂತಿತು. "ಕೊಟ್ಟಿಗೆಯಲ್ಲಿ ಬಿದ್ದಿತ್ತು, ತಿದಿಯ ತೊಗಲನ್ನು ಇಲಿ ತಿಂದಿತ್ತು. ಸರಿಮಾಡಲು ಒಂಬತ್ತು ಚಳಿಗಾಲ ಹಿಡಿಯಿತು" ಎಂದರು ಅವರು.

ನಮಗೆ ಊರ ಮನೆಯ ಅಟ್ಟದಲ್ಲಿದ್ದ ತಾತನ ಲೆಗ್ ಹಾರ್ಮೋನಿಯಂ ನೆನಪಾಯಿತು. ಅದರ ತಿದಿಯೂ ಹರಿದಿತ್ತು. ಮರುದಿನ ಬೆಳಗ್ಗೆಯೇ ಊರಿಗೆ ಫೋನು ಮಾಡಿದೆವು.

"ಅದು ಗುಜರಿಗೆ ಹೋಗಿ ತಿಂಗಳಾಯಿತಲ್ಲೋ. ಜಾಗಕ್ಕೆ ದಂಡ ಎಂದವನು ನೀನೇ ಅಲ್ಲವೇ?" ಎಂದರು ಅಣ್ಣ.

ವಾಚಕರು ಮುಂದಿನ ಸಲ ಊರಿಗೆ ಹೋದಾಗ ಒಮ್ಮೆ ಅಟ್ಟ ಹತ್ತಿ ನೋಡಬೇಕೆಂದು ನಮ್ಮ ಬಿನ್ನಹ.