ನಡೆಯುವ ಕಲ್ಲುಗಳ ಊರು

ನೂರರ ಆಸುಪಾಸು ಮನೆಗಳಿರುವ ಒಂದು ಪುಟ್ಟ ಊರಿಗೆ ಈವರೆಗೆ ಐದು ದೀಪಸ್ತಂಭಗಳು ಬೇಕಾಗಿವೆ. ಇಂಗ್ಲೆಂಡಿನ ಆಗ್ನೇಯ ಮೂಲೆಯಲ್ಲಿ, ಕೆಂಟ್ ಪ್ರಾಂತದ ಕೊನೆಯಲ್ಲಿ, ಸಮುದ್ರದೊಳಕ್ಕೆ ಮೂಗು ಚಾಚಿ ಕೂತಿರುವ ಆ ಊರಿನ ಹೆಸರು ಡಂಜನೆಸ್. ಮೊದಲ ದೀಪಸ್ತಂಭವನ್ನು 1615ರಲ್ಲಿ ಕಡಲಂಚಿಗೆ ಕಟ್ಟಿದರು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಅದು ಕಡಲಿಗೆ ದೂರವಾಯಿತು. ದೀಪವೇನೂ ಸರಿದಿರಲಿಲ್ಲ, ಅಲೆಗಳು ದಿನವೂ ಬೆಣಚು ಕಲ್ಲು ತಂದು ಪೇರಿಸಿ ನೆಲವನ್ನೇ ಮುಂದಕ್ಕೆ ಬೆಳೆಸಿದ್ದವು. 1635ರಲ್ಲಿ ಎರಡನೆಯದು, 1792ರಲ್ಲಿ ಮೂರನೆಯದು, 1904ರಲ್ಲಿ ನಾಲ್ಕನೆಯದು, ಹೀಗೆ ಕಡಲು ಹಿಂದೆ ಸರಿದಂತೆ ಬೆಳಕು ಅದರ ಬೆನ್ನು ಹತ್ತಿ ಹೋಯಿತು. 1961ರ ಐದನೆಯ ದೀಪಕ್ಕೆ ಮಾತ್ರ ಕಾರಣ ಬೇರೆ. ಪಕ್ಕದಲ್ಲಿ ಪರಮಾಣು ವಿದ್ಯುತ್ ಕೇಂದ್ರ ಏಳುತ್ತಿತ್ತು. ಅದರ ಕಟ್ಟಡ ಎಷ್ಟು ದೊಡ್ಡದೆಂದರೆ ಹಳೆಯ ದೀಪ ಹಡಗಿನವರಿಗೆ ಕಾಣದಂತಾಗುತ್ತಿತ್ತು.

1904ರ ಆ ನಾಲ್ಕನೆಯ ದೀಪಸ್ತಂಭವನ್ನು ಈಗ ಪ್ರವಾಸಿಗರಿಗೆ ಬಿಟ್ಟಿದ್ದಾರೆ. 169 ಮೆಟ್ಟಿಲು ಹತ್ತಿ ಮೇಲಿನ ಕಟಾಂಜನಕ್ಕೆ ಬಂದಾಗ ಗಾಳಿ ನನ್ನನ್ನು ಗೋಡೆಗೆ ಒತ್ತಿ ಹಿಡಿಯಿತು. ನಾನು ಉತ್ತರ ಕನ್ನಡದ ಕರಾವಳಿಯವನು, ಕಡಲು ಹೊಸತಲ್ಲ. ಆದರೆ ಇಂಥ ಕರಾವಳಿಯನ್ನು ಕಂಡವನಲ್ಲ. ಮರಳಿಲ್ಲ, ತೆಂಗಿಲ್ಲ, ಗುಡ್ಡವಿಲ್ಲ. ಕಣ್ಣು ಹಾಯುವಷ್ಟೂ ಕಂದು, ಬೂದು, ಜೇನಿನ ಬಣ್ಣದ ಉರುಟು ಕಲ್ಲುಗಳು. ನಡುನಡುವೆ ಯಾರೋ ಬೀಸಾಡಿ ಹೋದಂತೆ ಚದುರಿದ ಮರದ ಮನೆಗಳು. ಮನೆಗೂ ಮನೆಗೂ ಮಧ್ಯೆ ಬೇಲಿಯಿಲ್ಲ, ಅಂಗಳಕ್ಕೆ ಗಡಿಯಿಲ್ಲ. ಇಡೀ ಊರಿನಲ್ಲಿ ಎದ್ದು ಕಾಣುವ ಬೇಲಿ ಒಂದೇ, ಆ ಪರಮಾಣು ಕೇಂದ್ರದ್ದು. ಅದರಾಚೆ ಕಿಟಕಿಯಿಲ್ಲದ ಎರಡು ಮಹಾ ಕಟ್ಟಡಗಳು, ಆಕಾಶದ ಅರ್ಧ ತುಂಡನ್ನು ನುಂಗಿ ನಿಂತಿವೆ.

ಜೊತೆಗೆ ಬಂದಿದ್ದ ತಂಗಿಯ ಮಗ ಲಂಡನ್ನಿನಲ್ಲಿ ಕೆಲಸ ಮಾಡುವವನು. "ಮಾವ, ಎರಡೂ ನಿಂತುಹೋಗಿವೆ. ಈಗ ಕರೆಂಟು ಬರುವುದಿಲ್ಲ" ಎಂದ. ನಿಂತಿರುವುದು ನಿಜ, ಆದರೆ ಬಾಗಿಲು ಹಾಕಿಕೊಂಡು ಹೋದ ಗಿರಣಿಯ ಹಾಗೆ ಕಾಣಲಿಲ್ಲ ಅದು. ಗೇಟಿನಲ್ಲಿ ವಾಹನಗಳು, ದಾರಿಯಲ್ಲಿ ಹಳದಿ ಅಂಗಿಯ ಕೆಲಸಗಾರರು. ಕರೆಂಟು ಕೊಡುವುದು ನಿಂತ ಮೇಲೂ ಇಷ್ಟು ಜನಕ್ಕೆ ಏನು ಕೆಲಸ ಎಂಬ ಪ್ರಶ್ನೆ ಅಲ್ಲೇ ನನ್ನ ತಲೆ ಹೊಕ್ಕಿತು.

ಆ ಊರಿಗೆ ನಾವು ಹೋದ ರೈಲೂ ಒಂದು ಬೆರಗು. ಹೈಥ್ ಪಟ್ಟಣದಿಂದ ಡಂಜನೆಸ್‌ವರೆಗೆ ಸುಮಾರು 22 ಕಿಲೋಮೀಟರ್ ಓಡುವ ಉಗಿಬಂಡಿ. ಹಳಿಗಳ ನಡುವಿನ ಅಂತರ ಬರೀ 381 ಮಿಲಿಮೀಟರ್. ಎಂಜಿನ್ ನಿಜವಾದದ್ದೇ, ಕಲ್ಲಿದ್ದಲು ತಿಂದು ಹೊಗೆ ಉಗುಳುವಂಥದ್ದು, ಗಾತ್ರ ಮಾತ್ರ ಮೂರನೇ ಒಂದು. ಕಾರು ರೇಸಿನ ಹುಚ್ಚಿದ್ದ ಕ್ಯಾಪ್ಟನ್ ಹೋವಿ ಎಂಬ ಸಿರಿವಂತ ಕಟ್ಟಿಸಿದ್ದು. 1927ರಲ್ಲಿ ಶುರುವಾಗಿ ಮರುವರ್ಷ ಡಂಜನೆಸ್ ಮುಟ್ಟಿತು. ಮನೆಗಳ ಹಿತ್ತಿಲುಗಳನ್ನು ಸವರಿಕೊಂಡು ಬಂದು, ಕೊನೆಗೆ ಕಲ್ಲುಬಯಲಿನಲ್ಲಿ ಒಂದು ದೊಡ್ಡ ಸುತ್ತು ಹಾಕಿ ಅದು ನಿಲ್ಲುವುದು ಪರಮಾಣು ಸ್ಥಾವರದ ನೆರಳಿನಲ್ಲಿ. ಆಟಿಕೆಯಂಥ ಆ ಎಂಜಿನ್ನನ್ನೂ ಆ ಕಟ್ಟಡವನ್ನೂ ಒಂದೇ ನೋಟದಲ್ಲಿ ಹಿಡಿಯಲು ಕಣ್ಣಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಇಲ್ಲಿನ ಮನೆಗಳ ಹುಟ್ಟೂ ರೈಲಿನದೇ. 1920ರ ದಶಕದಲ್ಲಿ ದೊಡ್ಡ ರೈಲಿನ ಕೆಲಸಗಾರರು ತಮ್ಮ ಕಂಪನಿಯಿಂದ ಹಳೆಯ ಬೋಗಿಗಳನ್ನು ಕೊಂಡು, ಕಲ್ಲಿನ ಮೇಲೆ ಎಳೆತಂದು ಕೂರಿಸಿ ಸಂಸಾರ ಹೂಡಿದರು. ಅಡುಗೆಮನೆ ಸೇರಿಸಿದರು, ಮಾಡು ಎತ್ತಿದರು. ಇವತ್ತಿಗೂ ಕೆಲವು ಮನೆಗಳ ಹೊಟ್ಟೆಯೊಳಗೆ ಬೋಗಿ ಹಾಗೆಯೇ ಇದೆ. ಇವರಿಗಿಂತ ಹಿಂದಿನವರು ಮೀನುಗಾರರು. ದೋಣಿ ನಿಲ್ಲಿಸಲು ಬಂದರಿಲ್ಲ. ಕಲ್ಲಿನ ದಿಬ್ಬದ ಮೇಲೆ ಯಂತ್ರದ ಹಗ್ಗದಿಂದ ಎಳೆದು ನಿಲ್ಲಿಸುತ್ತಾರೆ. ಕಲ್ಲಿನಲ್ಲಿ ಕಾಲು ಹೂತುಹೋಗದಿರಲೆಂದು ಹಿಂದಿನವರು ಪಾದಕ್ಕೆ ಮರದ ಹಲಗೆ ಕಟ್ಟಿಕೊಂಡು ನಡೆಯುತ್ತಿದ್ದರಂತೆ. ಬಿರುಗಾಳಿಯಲ್ಲಿ ಹಡಗು ಸಿಕ್ಕಿಬಿದ್ದಾಗ ಜೀವರಕ್ಷಕ ದೋಣಿಯನ್ನು ಈ ಕಲ್ಲಿನ ಮೇಲೆ ಎಳೆದು ನೀರಿಗೆ ಇಳಿಸುತ್ತಿದ್ದವರಲ್ಲಿ ಊರಿನ ಹೆಂಗಸರೇ ಮುಂದು. ಒಂದು ಗುಡಿಸಲಿನ ಬಳಿ ಬಲೆ ಬೇಯಿಸುತ್ತಿದ್ದ ಹಂಡೆಯ ಸುದ್ದಿ ಕೇಳಿದಾಗ ನನಗೆ ನಮ್ಮೂರಿನ ಹಿರಿಯರ ನೆನಪಾಯಿತು. ನೈಲಾನ್ ಬರುವ ಮೊದಲು ನಮ್ಮಲ್ಲೂ ನೂಲಿನ ಬಲೆಗಳನ್ನು ಮರದ ತೊಗಟೆಯ ರಸದಲ್ಲಿ ಅದ್ದಿ ಗಟ್ಟಿ ಮಾಡುತ್ತಿದ್ದರು. ಉಪ್ಪುನೀರಿನ ಜೊತೆ ಬದುಕುವವರ ಉಪಾಯಗಳು ಎರಡು ಕಡಲಿನಲ್ಲೂ ಒಂದೇ.

ಜನ ಇದನ್ನು ಬ್ರಿಟನ್ನಿನ ಏಕೈಕ ಮರುಭೂಮಿ ಎನ್ನುತ್ತಾರೆ. ಅಲ್ಲಿನ ಹವಾಮಾನ ಇಲಾಖೆ ಒಪ್ಪುವುದಿಲ್ಲ, ಬಗ್ಗಿ ನೋಡಿದ ಯಾರೂ ಒಪ್ಪಲಾರರು. ಕಲ್ಲುಗಳ ಸಂದಿಯಿಂದ ಕಡಲಕೋಸಿನ ನೀಲಿಹಸಿರು ದಪ್ಪ ಎಲೆಗಳು ಗುಂಪುಗುಂಪಾಗಿ ಎದ್ದಿವೆ; ಬೇರು ಸಿಹಿನೀರನ್ನು ಹುಡುಕಿಕೊಂಡು ಆಳಕ್ಕೆ ಹೋಗಿದೆ. ಬ್ರಿಟನ್ನಿನ ಒಟ್ಟು ಸಸ್ಯ ಜಾತಿಗಳಲ್ಲಿ ಮೂರರಲ್ಲೊಂದು ಪಾಲು, ಸುಮಾರು 600 ಬಗೆ, ಈ ಕಲ್ಲುಬಯಲಿನಲ್ಲಿ ಸಿಗುತ್ತವೆ. ಬೇರೆಡೆ ಆಳೆತ್ತರ ಬೆಳೆಯುವ ಮುಳ್ಳುಗಿಡ ಇಲ್ಲಿ ಗಾಳಿಗೆ ತಲೆಬಾಗಿ ನೆಲಕ್ಕಂಟಿಕೊಂಡೇ ಹೂ ಬಿಡುತ್ತದೆ. ಒಮ್ಮೆ ಗಾಡಿಯ ಚಕ್ರ ಹರಿದರೆ ಆ ಗುರುತು ದಶಕಗಟ್ಟಲೆ ಅಳಿಯುವುದಿಲ್ಲ, ಆದ್ದರಿಂದ ದಾರಿ ಬಿಟ್ಟು ಗಾಡಿ ಇಳಿಸುವಂತಿಲ್ಲ. ಕಪ್ಪು ರೆಡ್‌ಸ್ಟಾರ್ಟ್ ಎಂಬ ಅಪರೂಪದ ಪುಟ್ಟ ಹಕ್ಕಿ ಗೂಡು ಕಟ್ಟಲು ಆರಿಸಿಕೊಂಡದ್ದು ಪರಮಾಣು ಸ್ಥಾವರದ ಕಟ್ಟಡಗಳನ್ನೇ. ಸ್ಥಾವರ ನಡೆಯುತ್ತಿದ್ದಾಗ ತಂಪಾಗಿಸಲು ಎಳೆದುಕೊಂಡ ಕಡಲ ನೀರನ್ನು ಬೆಚ್ಚಗೆ ಮಾಡಿ ಹೊರಬಿಡುತ್ತಿತ್ತು. ನೀರು ಕುದಿದಂತೆ ಮೇಲೇಳುವ ಆ ಜಾಗದ ಮೇಲೆ ಸಾವಿರಾರು ಕಡಲಕಾಗೆಗಳು ಮುತ್ತುತ್ತಿದ್ದವು, ಗಾಳದವರೂ ಅಲ್ಲಿಯೇ ಸೇರುತ್ತಿದ್ದರು.

ಡೆರೆಕ್ ಜಾರ್ಮನ್ ಎಂಬ ಚಿತ್ರ ನಿರ್ದೇಶಕ ಇಲ್ಲಿ ಬಂದು ನೆಲೆಸಿದ್ದು 1980ರ ದಶಕದ ಕೊನೆಗೆ, ತನ್ನ ರಕ್ತದಲ್ಲಿ ಎಚ್‌ಐವಿ ಇದೆಯೆಂದು ಗೊತ್ತಾದ ಹೊತ್ತಿನಲ್ಲಿ. ಡಾಂಬರು ಬಳಿದ ಕಪ್ಪು ಗೋಡೆ, ಹಳದಿ ಕಿಟಕಿಯ ಮೀನುಗಾರರ ಮನೆಯೊಂದನ್ನು ಕೊಂಡು, ಕಲ್ಲಿನ ನಡುವೆ ತೋಟ ಮಾಡಿದ. ಗೊಬ್ಬರ ಹೊತ್ತು ತಂದ, ಕಡಲು ಎಸೆದ ಮರದ ತುಂಡು, ತುಕ್ಕು ಹಿಡಿದ ಸರಪಳಿಗಳನ್ನು ನೆಟ್ಟ. 1994ರಲ್ಲಿ ತೀರಿಕೊಂಡ. 2020ರಲ್ಲಿ ಆ ಮನೆಯನ್ನು ಉಳಿಸಲು ಜನ 35 ಲಕ್ಷ ಪೌಂಡ್ ಕೂಡಿಸಿಕೊಟ್ಟರು. ಆ ತೋಟದಲ್ಲಿ ನಿಂತರೆ ಗಸಗಸೆ ಹೂವಿನ ಹಿಂದೆ ಸ್ಥಾವರ ಕಾಣುತ್ತದೆ. ಅದನ್ನು ಮರೆಮಾಡಲು ಆತ ಒಂದು ಗೋಡೆಯನ್ನೂ ಕಟ್ಟಲಿಲ್ಲ.

ಹುರಿದ ಮೀನು ಮಾರುವ ಗುಡಿಸಲಿನ ಮುಂದೆ ಒಬ್ಬ ಮುದುಕ ಬಲೆ ಸರಿಮಾಡುತ್ತಿದ್ದ. ಈ ಸ್ಥಾವರದ ಪಕ್ಕದಲ್ಲಿ ಬದುಕಲು ಭಯವಾಗಲಿಲ್ಲವೇ ಎಂದು ಕೇಳಿದೆ. ಅವನು ತಲೆಯೆತ್ತಲಿಲ್ಲ. "ನನ್ನ ಮಗನಿಗೆ ಅಲ್ಲೇ ಕೆಲಸ" ಎಂದ. ಸ್ವಲ್ಪ ತಡೆದು, "ಮಂಜು ಮುಸುಕಿದಾಗ ಅದರ ಗುಂಯ್‌ಗುಡುವಿಕೆ ಕೇಳಿಯೇ ದಡದ ದಿಕ್ಕು ಹಿಡಿಯುತ್ತಿದ್ದೆವು. ಈಗ ಸದ್ದಿಲ್ಲ" ಎಂದ. ಭಯದ ಮಾತಿಗೆ ಉತ್ತರ ಬರಲೇ ಇಲ್ಲ, ನಾನೂ ಮತ್ತೆ ಕೇಳಲಿಲ್ಲ. ಸ್ಥಾವರ ನಡೆಯುತ್ತಿದ್ದ ಕಾಲದಲ್ಲಿ ಹತ್ತಿರದ ಮನೆಗಳಿಗೆ ಅಯೋಡಿನ್ ಮಾತ್ರೆಗಳನ್ನು ಮೊದಲೇ ಕೊಟ್ಟಿರುತ್ತಿದ್ದರು. ಅಪಘಾತವಾದರೆ ನುಂಗಬೇಕು, ಥೈರಾಯ್ಡ್ ಗ್ರಂಥಿ ಒಳ್ಳೆಯ ಅಯೋಡಿನ್ನಿನಿಂದ ತುಂಬಿಕೊಂಡಿದ್ದರೆ ವಿಕಿರಣದ ಅಯೋಡಿನ್ನಿಗೆ ಅಲ್ಲಿ ಜಾಗವಿರುವುದಿಲ್ಲ. ಮಾತ್ರೆಯನ್ನು ಕಪಾಟಿನಲ್ಲಿಟ್ಟು, ಮಗನನ್ನು ಅದೇ ಗೇಟಿನೊಳಗೆ ಕೆಲಸಕ್ಕೆ ಕಳಿಸಿದ ಜನ ಇವರು. ಹೊಸ ಸ್ಥಾವರಗಳಿಗೆ ಜಾಗ ಆರಿಸುವಾಗ ಬ್ರಿಟಿಷ್ ಸರ್ಕಾರ ಡಂಜನೆಸ್ಸನ್ನು ಕೈಬಿಟ್ಟಿತು. ಇಲ್ಲಿನ ಅಪೂರ್ವ ಕಲ್ಲುಬಯಲು ಹಾಳಾಗುತ್ತದೆ ಎಂಬುದೇ ಮುಖ್ಯ ಕಾರಣ. ನಮಗೂ ಒಂದು ಬೇಕು ಎಂದು ಹೋರಾಡಿದ್ದು ಸ್ಥಳೀಯ ಆಡಳಿತ. ದೂರದಲ್ಲಿ ಕೂತು ಇದನ್ನು ತಪ್ಪು ಎನ್ನುವುದು ಸುಲಭ. ಕಲ್ಲು, ಗಾಳಿ, ಮೀನು ಬಿಟ್ಟರೆ ಬೇರೆ ಸಂಬಳ ಇಲ್ಲದ ಕಡೆ ಸ್ಥಾವರ ಎಷ್ಟು ಮನೆಗಳ ಒಲೆ ಹೊತ್ತಿಸಿದೆ ಎಂಬುದನ್ನು ಕಂಡ ಮೇಲೆ ನನಗೆ ಹಾಗೆನ್ನಲು ಬಾಯಿ ಬರಲಿಲ್ಲ.

ಮೊದಲ ಸ್ಥಾವರ 1965ರಲ್ಲಿ ವಿದ್ಯುತ್ ಕೊಡಲು ತೊಡಗಿ 2006ರ ಡಿಸೆಂಬರ್ 31ರಂದು ನಿಂತಿತು. ಎರಡನೆಯದರ ಕೆಲಸ ಶುರುವಾದದ್ದು ಅದೇ 1965ರಲ್ಲಿ. 1970ರ ಹೊತ್ತಿಗೆ ಮುಗಿಯಬೇಕಿದ್ದದ್ದು, ಗುತ್ತಿಗೆ ಹಿಡಿದ ಕಂಪನಿ ಕುಸಿದು, ವಿನ್ಯಾಸ ಮತ್ತೆಮತ್ತೆ ತಿದ್ದಿ, ವಿದ್ಯುತ್ ಕೊಟ್ಟದ್ದು 1983ರಲ್ಲಿ. ಗ್ರಾಫೈಟ್ ಇಟ್ಟಿಗೆಗಳ ನಡುವೆ ಇಂಧನ ಕಡ್ಡಿಗಳನ್ನಿಟ್ಟು, ಇಂಗಾಲದ ಡೈಆಕ್ಸೈಡ್ ಅನಿಲದಿಂದ ಶಾಖ ತೆಗೆಯುವ ಬ್ರಿಟಿಷರದೇ ವಿಧಾನ ಅದು. 2018ರ ಸೆಪ್ಟೆಂಬರಿನಲ್ಲಿ ತಪಾಸಣೆಗೆಂದು ನಿಲ್ಲಿಸಿದರು, ಮತ್ತೆ ಹೊತ್ತಿಸಲಿಲ್ಲ. 2021ರ ಜೂನಿನಲ್ಲಿ ಮುಚ್ಚಿದೆವೆಂದು ಸಾರಿದರು. ಅದೇ 2018ರ ಡಿಸೆಂಬರಿನಲ್ಲಿ ನಮ್ಮ ಕಾಳಿ ನದಿ ದಂಡೆಯ ಕೈಗಾ ಪರಮಾಣು ಸ್ಥಾವರದ ಮೊದಲ ಘಟಕ 962 ದಿನ ಎಡೆಬಿಡದೆ ನಡೆದು ಆಗಿನ ವಿಶ್ವದಾಖಲೆ ಬರೆಯಿತು. ಅದು ಹಿಂದಿಕ್ಕಿದ್ದು ಹೇಶಮ್ ಎಂಬ ಊರಿನ ಸ್ಥಾವರದ 940 ದಿನಗಳನ್ನು. ಅದೂ ಇಂಗ್ಲೆಂಡಿನ ಕಡಲಂಚಿನದೇ, ಡಂಜನೆಸ್ಸಿನ ಎರಡನೆಯದರ ತಂತ್ರದ್ದೇ.

ಸ್ಥಾವರ ನಿಂತ ಮೇಲೆ ಏನು ಕೆಲಸ ಎಂಬ ಪ್ರಶ್ನೆಗೆ ಉತ್ತರ ಕಡಲಂಚಿಗೆ ಬಂದಾಗ ಸಿಕ್ಕಿತು. ಅಲೆ ಬಂದು ಮರಳುವಾಗ ಕಲ್ಲುಗಳು ಮೊರದಲ್ಲಿ ಅಡಿಕೆ ಕೇರಿದಂತೆ ಸದ್ದು ಮಾಡುತ್ತಾ ಉರುಳುತ್ತವೆ. ಒಂದೊಂದು ಅಲೆಗೂ ಅವು ಪಡುವಣದಿಂದ ಮೂಡಣಕ್ಕೆ ಸ್ವಲ್ಪ ಸ್ವಲ್ಪ ಸರಿಯುತ್ತವೆ. ಮೂಡಣ ಬದಿಯ ದಡ ಬೆಳೆಯುತ್ತದೆ, ಸ್ಥಾವರ ನಿಂತಿರುವ ಬದಿ ಕೊರೆಯುತ್ತದೆ. ಆದ್ದರಿಂದ ಕಟ್ಟಿದ ದಿನಗಳಿಂದಲೂ ಲಾರಿಗಳು ಮೂಡಣದಲ್ಲಿ ಬಿದ್ದ ಕಲ್ಲನ್ನು ತುಂಬಿಕೊಂಡು ಬಂದು ಪಡುವಣದಲ್ಲಿ ಸುರಿಯುತ್ತಿವೆ. ಕಡಲು ಅದನ್ನು ಮತ್ತೆ ಮೂಡಣಕ್ಕೆ ಒಯ್ಯುತ್ತದೆ, ಲಾರಿ ಮತ್ತೆ ತರುತ್ತದೆ. ಫುಕುಶಿಮಾ ದುರಂತದ ನಂತರ ಪರಿಶೀಲಿಸಿದಾಗ ಈ ಕಲ್ಲಿನ ಏರಿ ಸಾಲದೆಂದು ತಿಳಿದು, 2013ರಲ್ಲಿ ಸುಮಾರು ಎರಡು ತಿಂಗಳು ಸ್ಥಾವರವನ್ನು ನಿಲ್ಲಿಸಿ ಏರಿ ಬಲಪಡಿಸಿದರು.

ವಿದ್ಯುತ್ ನಿಂತರೂ ಕಲ್ಲು ಹೊರುವುದು ನಿಲ್ಲುವಂತಿಲ್ಲ. ಒಳಗಿನ ಇಂಧನವನ್ನು ಒಂದೊಂದಾಗಿ ತೆಗೆದು, ತಣಿಸಿ, ದಪ್ಪ ಉಕ್ಕಿನ ಪೆಟ್ಟಿಗೆಗಳಲ್ಲಿ ರೈಲು ಹತ್ತಿಸಿ ದೇಶದ ಇನ್ನೊಂದು ತುದಿಯ ಸೆಲ್ಲಾಫೀಲ್ಡಿಗೆ ಕಳಿಸಬೇಕು. ಅದಕ್ಕೇ ವರ್ಷಗಳು ಹಿಡಿಯುತ್ತವೆ. ಆಮೇಲೆ ವಿಕಿರಣ ಹೀರಿ ಕೂತ ಗ್ರಾಫೈಟ್ ಉಳಿಯುತ್ತದೆ, ಅದನ್ನು ಬಿಚ್ಚಲು ದಶಕಗಳು. ಇಷ್ಟು ಚಂಚಲವಾದ ನೆಲದ ಮೇಲೆ ಇಷ್ಟು ಕಾಲ ಕದಲದೆ ಇರಲೇಬೇಕಾದ ವಸ್ತುವನ್ನು ಮನುಷ್ಯ ತಂದಿಟ್ಟಿದ್ದಾನೆ, ಇಟ್ಟಮೇಲೆ ಕೈಬಿಡದೆ ನೋಡಿಕೊಳ್ಳುತ್ತಲೂ ಇದ್ದಾನೆ. ನನ್ನನ್ನು ಅಲ್ಲಿ ಕಟ್ಟಿ ನಿಲ್ಲಿಸಿದ ಬೆರಗು ಅದು.

ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೆ ನಮ್ಮ ಜಿಲ್ಲೆಯಲ್ಲಿ ನಿಂತದ್ದು ಕೈಗಾ ವಿರೋಧವನ್ನು ಮುಂದಿಟ್ಟುಕೊಂಡು. ಅವರು ಸೋತರು, ಕೈಗಾ ಬಂತು, ಇಂದು ಅಲ್ಲಿ ನಾಲ್ಕು ಘಟಕಗಳಿವೆ. ಬೇಕೋ ಬೇಡವೋ ಎಂಬ ಆ ಹಳೆಯ ವಾದವನ್ನು ಮತ್ತೆ ಹೂಡಲು ನಾನು ಇದನ್ನು ಬರೆಯುತ್ತಿಲ್ಲ. ಕದ್ರಾ, ಮಲ್ಲಾಪುರ, ಕಾರವಾರದ ನನ್ನ ಜನರಲ್ಲಿ ಒಂದು ಬಿನ್ನಹವಿದೆ. ಎಷ್ಟು ಮೆಗಾವಾಟ್, ಎಷ್ಟು ದಿನ ನಡೆಯಿತು ಎಂದು ಕೇಳುವ ಹಾಗೆಯೇ, ಅದು ನಿಂತ ದಿನದಿಂದ ಮುಂದೆ ಯಾರು ನೋಡಿಕೊಳ್ಳುತ್ತಾರೆ, ಎಷ್ಟು ವರ್ಷ, ಯಾರ ಹಣದಲ್ಲಿ ಎಂದೂ ಈಗಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಇನ್ನು ಲಂಡನ್ನಿಗೆ ಹೋಗುವವರು ಒಂದು ದಿನ ಬಿಡುವು ಮಾಡಿಕೊಂಡು ಡಂಜನೆಸ್ ನೋಡಿ ಬನ್ನಿ. ಕಡಲಿಗೆ ಹಾಕಿರುವ ಹಲಗೆಯ ಹಾದಿಯ ಮೇಲೆಯೇ ನಡೆಯಿರಿ, ಕಡಲಕೋಸನ್ನು ತುಳಿಯಬೇಡಿ, ನೆನಪಿಗೆಂದು ಕಲ್ಲು ಹೆಕ್ಕಿ ಜೇಬಿಗೆ ಹಾಕಬೇಡಿ. ಅಲ್ಲಿ ಕಲ್ಲು ಹೊರುವ ಲಾರಿಗಳಿಗೆ ಇನ್ನೂ ಹಲವು ದಶಕಗಳ ಕೆಲಸ ಬಾಕಿಯಿದೆ.