ವಿಮಾನ ರಿಪೇರಿಯ ಕೈ, ಗುಂಡ್ಲುಪೇಟೆಯ ಅಂಗಡಿ

ಮೈಸೂರಿನಿಂದ ಹೊರಟ ರೈಲು ನಂಜನಗೂಡು ದಾಟಿ ಚಾಮರಾಜನಗರದಲ್ಲಿ ನಿಂತರೆ, ಮುಂದಕ್ಕೆ ಹಳಿಯೇ ಇಲ್ಲ. 1926ರಲ್ಲಿ ಇಲ್ಲಿಗೆ ಬಂದ ರೈಲುದಾರಿ ಇವತ್ತಿಗೂ ಇಲ್ಲೇ ಮುಗಿಯುತ್ತೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ನಮ್ಮ ತಾತ ಬೆಂಗಳೂರಿಗೆ ಹೊರಟಿದ್ದು ಈ ಸ್ಟೇಷನ್ನಿನಿಂದಲೇ. ಸಿಕ್ಕ ಕೆಲಸ ವಿಮಾನದ ಎಂಜಿನ್ ಬಿಚ್ಚಿ ಜೋಡಿಸೋದು.

ಇವತ್ತಿನ ಎಚ್‌ಎಎಲ್‌ಗೆ ಆಗ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಅಂತ ಹೆಸರು. 1940ರ ಡಿಸೆಂಬರ್‌ನಲ್ಲಿ ಅದು ಶುರುವಾದಾಗ ಉದ್ಯಮಿ ವಾಲಚಂದ್ ಹೀರಾಚಂದ್ ಜೊತೆ ಮೈಸೂರು ಸಂಸ್ಥಾನವೂ ಬಂಡವಾಳ ಹಾಕಿತ್ತು. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಪಡೆಯ ಉಸ್ತುವಾರಿಗೆ ಹೋಯ್ತು. ಹೊಸ ವಿಮಾನ ಕಟ್ಟೋದಕ್ಕಿಂತ ಯುದ್ಧದಿಂದ ಬಂದವುಗಳ ರಿಪೇರಿಯೇ ಮುಖ್ಯವಾಯ್ತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಬಂದಿಳಿಯುತ್ತಿದ್ದವು. ಅಲ್ಲಿನ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುವ ನಮಗೆ ಇದನ್ನು ನಂಬೋದು ಕಷ್ಟ!

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ತೆರಕಣಾಂಬಿ ಮೇಲೆ ಬಸ್ಸು. ಮಳೆಗಾಲದಲ್ಲಿ ಹೋದರೆ ಹೊಲದ ತುಂಬ ಸೂರ್ಯಕಾಂತಿ, ಚೆಂಡುಹೂವು. ಜನ ಬೈಕ್ ನಿಲ್ಲಿಸಿ ಸೆಲ್ಫಿ ತೆಗೆಯುವ ಈ ದಾರಿಯಲ್ಲೇ ಒಂದು ಹಳ್ಳಿಯಲ್ಲಿ ನಮ್ಮಜ್ಜಿ ಮನಿಯಾರ್ಡರ್ ಕಾಯುತ್ತಾ ಸಂಸಾರ ನಡೆಸಿದ್ದು. ಮೊದಲ ಮಗು ಜ್ವರದಲ್ಲಿ ತೀರಿಕೊಂಡಾಗ, ತಂತಿ ತಲುಪಿ ರಜೆ ಸಿಕ್ಕಿ ತಾತ ಊರು ಸೇರೋ ಹೊತ್ತಿಗೆ ಮೂರು ದಿನ ಆಗಿತ್ತು.

"ಯಾರ್ ಮಕ್ಳೋ ಇಮಾನ್ದಲ್ಲಿ ಉಸಾರಾಗಿ ಮನೆ ಸೇರ್ಲಿ ಅಂತ ಅಲ್ ದುಡೀತಿದ್ರು ಕನ್ ಮಗ. ಇಲ್ ನಮ್ ಮಗೀನ್ ಮಕ ನೋಡಕಾಗ್ನಿಲ್ಲ. ಅವ್ವ ಸಾಯಗಂಟ ಇದ್ನೇ ಹೇಳೋಳು," ಅಂದರು ದೊಡ್ಡಪ್ಪ.

ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಕೆಡಿಸಿ ಬಿಸಾಡಿದ್ದ ಲಿಬರೇಟರ್ ಬಾಂಬರ್‌ಗಳನ್ನು ಇದೇ ಕಾರ್ಖಾನೆಯವರು ಸರಿಮಾಡಿ ಹಾರಿಸಿದರು. ಅವು 1968ರವರೆಗೂ ನಮ್ಮ ವಾಯುಪಡೆಯಲ್ಲಿದ್ದವು. ಅವುಗಳಲ್ಲೊಂದು ಈಗ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನಲ್ಲಿದೆ. ವಿಮಾನಕ್ಕೆ ನಂಬರು, ಇತಿಹಾಸ ಎಲ್ಲಾ ಉಂಟು. ಬೋಲ್ಟು ಬಿಗಿದವರ ಹೆಸರು ಯಾರು ಬರೆದಿಡ್ತಾರೆ?

ಆಮೇಲೆ ತಾತ ಊರಿಗೆ ವಾಪಸಾಗಿ ಗುಂಡ್ಲುಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟರು. ಇನ್ನೊಂದು ಮಗುವಿನ ಹೆರಿಗೆಗೂ ಮನೇಲಿ ಇಲ್ಲದೆ ಇರಬಾರದು ಅನ್ನೋದೊಂದೇ ಕಾರಣ. ಆ ಮಗುವೇ ಈ ದೊಡ್ಡಪ್ಪ. ಈಗ ಅಂಗಡಿ ಅವರದ್ದು.

ಸಂಜೆ ಷಟರ್ ಎಳೆಯೋ ಮುಂಚೆ ಅವರು ಸ್ಪ್ಯಾನರ್‌ಗಳನ್ನು ಬಟ್ಟೆ ಮೇಲೆ ಸಾಲಾಗಿ ಇಟ್ಟು ಎಣಿಸಿದರು. ಯಾಕೆ ಅಂತ ಕೇಳಿದೆ. ವಿಮಾನದ ಎಂಜಿನ್ನಿನೊಳಗೆ ಒಂದು ಸ್ಪ್ಯಾನರ್ ಉಳಿದರೂ ಜೀವ ಹೋಗುತ್ತೆ, ಎಣಿಸದೆ ಯಾರೂ ಮನೆಗೆ ಹೋಗಂಗಿರಲಿಲ್ಲವಂತೆ.

"ಪಂಪ್‌ಸೆಟ್ಗೆ ಅದೆಲ್ಲ ಬೇಕಾ ದೊಡ್ಡಪ್ಪ?"

"ಅಪ್ಪ ಎಣಿಸೋರು, ನಾನೂ ಎಣಿಸ್ತೀನಿ," ಅಂದರು. ಒಂದು ಕಮ್ಮಿ ಇತ್ತು. ಟಾರ್ಚ್ ಹಿಡಿದು ಇಬ್ಬರೂ ಬೆಂಚಿನ ಕೆಳಗೆ ಹುಡುಕಿದೆವು. ಸಿಕ್ಕ ಮೇಲೇ ಬಾಗಿಲು ಹಾಕಿದ್ದು.